ಸ್ಪೀಡ್‌ಸ್ಟರ್ ರೆಪ್ಲಿಕಾ ಕೊಂಡು, ಸಾಕಿ, ಓಡಿಸುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಗ್ಯಾರೇಜಿನಲ್ಲಿ ಇರುವುದು ಪೋರ್ಷೆ ಅಲ್ಲ. 1950ರ ದಶಕದ ಪೋರ್ಷೆ 356 ಸ್ಪೀಡ್‌ಸ್ಟರ್ ಹಾಗೆ ಕಾಣುವ ಫೈಬರ್‌ಗ್ಲಾಸ್ ಬಾಡಿ, ಅದರ ಅಡಿಯಲ್ಲಿ 1967ರ ಫೋಕ್ಸ್‌ವ್ಯಾಗನ್ ಬೀಟಲ್. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಜನ ಬಂದು ಫೋಟೊ ಹೊಡೆದುಕೊಳ್ಳುತ್ತಾರೆ. ಹಿಂದಿನ ಮುಚ್ಚಳ ಎತ್ತಿದರೆ ಗೊತ್ತಿದ್ದವರು ನಗುತ್ತಾರೆ. ಆರು ವರ್ಷದಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇದನ್ನು ಸಾಕುತ್ತಿದ್ದೇನೆ. ಸಾಕುವುದು ಅನ್ನುವ ಮಾತೇ ಸರಿ, ಯಾಕಂದ್ರೆ ಹಸುವಿನ ಹಾಗೆ ಇದಕ್ಕೂ ಆಗಾಗ ಯಾರಾದರೂ ಮೈ ಮುಟ್ಟಿ ನೋಡುತ್ತಿರಬೇಕು. ಇಲ್ಲದಿದ್ದರೆ ಸೊರಗುತ್ತದೆ.

ಅಸಲಿ ಕಾರಿನ ಕಥೆ ಚಿಕ್ಕದು. ಅಮೆರಿಕಕ್ಕೆ ಪೋರ್ಷೆ ತರಿಸುತ್ತಿದ್ದ ನ್ಯೂಯಾರ್ಕಿನ ಮ್ಯಾಕ್ಸ್ ಹಾಫ್‌ಮನ್‌ಗೆ 3000 ಡಾಲರ್ ಒಳಗಿನ ಒಂದು ಕಾರು ಬೇಕಿತ್ತು. ಕಂಪನಿಯವರು 1954ರಲ್ಲಿ ಪಕ್ಕದ ಗಾಜು ತೆಗೆದು, ಮುಂದಿನ ಗಾಜು ಗಿಡ್ಡ ಮಾಡಿ, ಸೀಟು ಸರಳ ಮಾಡಿ 2,995 ಡಾಲರಿಗೆ ಸ್ಪೀಡ್‌ಸ್ಟರ್ ಕೊಟ್ಟರು. 1958ರ ಹೊತ್ತಿಗೆ ಅದು ನಿಂತೂ ಹೋಯಿತು. ಅಗ್ಗ ಅಂತ ಹುಟ್ಟಿದ ಆ ಕಾರಿಗೆ ಇವತ್ತು ಲಕ್ಷಗಟ್ಟಲೆ ಡಾಲರ್. ನಮ್ಮಂಥವರಿಗೆ ರೆಪ್ಲಿಕಾನೇ, ಅಂದರೆ ಅದರ ಹಾಗೆ ಕಟ್ಟಿದ ನಕಲೇ ಗತಿ.

ಆದರೆ ಇದು ತೀರಾ ಸುಳ್ಳು ವೇಷವೂ ಅಲ್ಲ. ಬೀಟಲ್ ವಿನ್ಯಾಸ ಮಾಡಿದ್ದು ಫರ್ಡಿನಾಂಡ್ ಪೋರ್ಷೆ. ಅವರ ಮಗ ಫೆರ್ರಿ 1948ರಲ್ಲಿ ಮೊದಲ 356 ಕಟ್ಟಿದ್ದು ಬೀಟಲ್‌ನ ಬಿಡಿಭಾಗ ಹಾಕಿಯೇ. ಎರಡಕ್ಕೂ ಇಂಜಿನ್ ಹಿಂದೆ, ಎರಡಕ್ಕೂ ಗಾಳಿಯಿಂದಲೇ ತಂಪು, ಎರಡರಲ್ಲೂ ನಾಲ್ಕು ಸಿಲಿಂಡರ್ ಎಡಕ್ಕೆರಡು ಬಲಕ್ಕೆರಡು ಮಲಗಿರುತ್ತವೆ. ದಾಯಾದಿಗಳು ಅಂದುಕೊಳ್ಳಿ. ಬೀಟಲ್‌ನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 2400 ಮಿಲಿಮೀಟರ್, 356ರಲ್ಲಿ 2100. ಆದ್ದರಿಂದ ರೆಪ್ಲಿಕಾ ಕಟ್ಟುವವರು ಬೀಟಲ್‌ನ ತಳದ ತಗಡನ್ನು, ಅಂದರೆ ಪ್ಯಾನನ್ನು, ನಡುವೆ ಸುಮಾರು ಒಂದು ಅಡಿ ಕತ್ತರಿಸಿ ಮತ್ತೆ ವೆಲ್ಡಿಂಗ್ ಮಾಡುತ್ತಾರೆ. ಕೆನಡಾದ ಇಂಟರ್‌ಮೆಕ್ಯಾನಿಕಾ, ಇಂಡಿಯಾನಾದ ಬೆಕ್ ಥರದವರು ತಮ್ಮದೇ ಕೊಳವೆ ಚೌಕಟ್ಟನ್ನೂ ಕಟ್ಟಿದ್ದಾರೆ, ಅವಕ್ಕೆ ಬೆಲೆ ಜಾಸ್ತಿ. ಸಾಮಾನ್ಯವಾಗಿ ಮಾರಾಟಕ್ಕೆ ಸಿಗುವುದು ಕತ್ತರಿಸಿದ ಪ್ಯಾನಿನವೇ. ನಾನು ಬರೆಯುತ್ತಿರುವುದೂ ಅಂಥದ್ದರ ಬಗ್ಗೆ.

ಮೊದಲ ವರ್ಷ ನಾನು ಇದನ್ನು ಪೋರ್ಷೆ ಅಂತ ನೋಡಿದೆ, ಕೈ ಸುಟ್ಟುಕೊಂಡೆ. ಐವತ್ತು ದಾಟಿದ ಬೀಟಲ್ ಅಂತ ನೋಡಲು ಶುರು ಮಾಡಿದ ಮೇಲೆ ಸರಿಹೋಯಿತು. ಕೆಳಗಿನದೆಲ್ಲ ಆ ಲೆಕ್ಕದಲ್ಲಿ ಓದಿ.

ಹಂತ 1: ಮನೆಯಲ್ಲಿ ಇನ್ನೊಂದು ಕಾರು ಇರಬೇಕು

ಇಲ್ಲ ಅಂದರೆ ಇಲ್ಲಿಗೇ ಓದುವುದನ್ನು ನಿಲ್ಲಿಸಿ. ಮಕ್ಕಳನ್ನು ಶಾಲೆಗೆ ಬಿಡಲು, ಆಫೀಸಿಗೆ ಹೋಗಲು, ಕಾಸ್ಟ್ಕೊ ಅಂಗಡಿಯಿಂದ ಅಕ್ಕಿ ಮೂಟೆ ತರಲು ಇದು ಆಗುವುದಿಲ್ಲ. ಮುಚ್ಚಿದ ಗ್ಯಾರೇಜೂ ಬೇಕು. ಬೀದಿಯಲ್ಲಿ ನಿಲ್ಲಿಸುವ ಕಾರಲ್ಲ ಇದು. ಬಟ್ಟೆಯ ಚಾವಣಿಯನ್ನು, ಅಂದರೆ ಟಾಪನ್ನು, ಒಂದು ಬ್ಲೇಡಿನಲ್ಲಿ ಕುಯ್ಯಬಹುದು.

ಹಂತ 2: ಮೊದಲು ಕಾಗದ, ಆಮೇಲೆ ಕಾರು

ಎಲ್ಲರೂ ಎಡವುವುದು ಇಲ್ಲೇ. ಬಣ್ಣ ನೋಡಿ ಮರುಳಾಗಿ ಮುಂಗಡ ಕೊಟ್ಟು ಬರುತ್ತಾರೆ, ಆಮೇಲೆ ಡಿಎಂವಿ, ಅಂದರೆ ಇಲ್ಲಿನ ಆರ್‌ಟಿಒ, ಕೌಂಟರಿನಲ್ಲಿ ತಲೆ ಚಚ್ಚಿಕೊಳ್ಳುತ್ತಾರೆ.

ಇಲ್ಲಿ ಟೈಟಲ್ ಅಂದರೆ ನಮ್ಮ ಊರಿನ ಆರ್‌ಸಿ ಇದ್ದ ಹಾಗೆ. ರೆಪ್ಲಿಕಾದ ಟೈಟಲ್ ಮೇಲೆ ಮೂರು ರೀತಿ ಬರೆದಿರುವುದನ್ನು ನೋಡುತ್ತೀರಿ. ಒಂದು, ಅಡಿಯಲ್ಲಿರುವ ಬೀಟಲ್‌ನ ಹೆಸರು ಮತ್ತು ವರ್ಷ. ಎರಡು, ವಿಶೇಷವಾಗಿ ಕಟ್ಟಿದ ವಾಹನ ಅನ್ನುವ ವರ್ಗ. ಇದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 100 ಅನ್ನುವ ಕಾನೂನು ಇದೆ, ವರ್ಷಕ್ಕೆ 500 ಗಾಡಿಗೆ ಮಾತ್ರ ಹೊಗೆ ನಿಯಮದಲ್ಲಿ ಸಡಿಲಿಕೆ. ಮೂರು, ನೇರವಾಗಿ 1957 ಪೋರ್ಷೆ ಅಂತಲೇ ಬರೆದಿರುವುದು. ಅಂಥ ಕಾಗದ ಕಂಡರೆ ಕಾರು ಎಷ್ಟೇ ಚೆನ್ನಾಗಿರಲಿ, ನಮಸ್ಕಾರ ಹೇಳಿ ಬನ್ನಿ. ಹಿಂದೆ ಯಾರೋ ಸುಳ್ಳು ಹೇಳಿ ಮಾಡಿಸಿದ್ದು ಅದು. ನಾಳೆ ಅಪಘಾತ ಆದಾಗ, ಮಾರುವಾಗ, ರಾಜ್ಯ ಬದಲಾಯಿಸುವಾಗ ಆ ಸುಳ್ಳು ನಿಮ್ಮ ತಲೆಗೆ ಬರುತ್ತದೆ. ಮೊದಲ ಎರಡರಲ್ಲೂ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ದುಡ್ಡು ಕೊಡುವ ಮುಂಚೆ ಟೈಟಲ್‌ನ ಫೋಟೊ ಹಿಡಿದು ನಿಮ್ಮ ಡಿಎಂವಿಯಲ್ಲೇ ಕೇಳಿ.

ಈಗ ನಂಬರ್ ಹೊಂದಿಸಿ. ಬೀಟಲ್ ಪ್ಯಾನಿನ ನಂಬರು ನಡುವಿನ ಉಬ್ಬಿದ ಕೊಳವೆಯ ಮೇಲೆ, ಹಿಂದಿನ ಸೀಟು ಇರುತ್ತಿದ್ದ ಜಾಗದಲ್ಲಿ ಅಚ್ಚೊತ್ತಿರುತ್ತದೆ. ರೆಪ್ಲಿಕಾದಲ್ಲಿ ಅದರ ಮೇಲೆ ಕಾರ್ಪೆಟ್ ಅಂಟಿಸಿರುತ್ತಾರೆ. ಮಾರುವವರ ಎದುರೇ ಕಾರ್ಪೆಟ್ ಎತ್ತಿಸಿ, ಟಾರ್ಚ್ ಹಿಡಿದು ಓದಿ. ನನ್ನದು 117ರಿಂದ ಶುರುವಾಗುತ್ತದೆ. 11 ಅಂದರೆ ಬೀಟಲ್, ಮೂರನೆಯ ಅಂಕಿ 7 ಅಂದರೆ 1967. 1965ರಿಂದ 1969ರವರೆಗೆ ಸಾಮಾನ್ಯವಾಗಿ ಹೀಗೆ ಒಂಬತ್ತು ಅಂಕಿ, 1970ರಿಂದ ಹತ್ತು. ಟೈಟಲ್‌ನಲ್ಲಿ ಇರುವುದು ಇದೇ ಆಗಿರಬೇಕು. ನಂಬರಿನ ಜಾಗ ಉಜ್ಜಿದ ಹಾಗಿದ್ದರೆ ಮಾತೇ ಬೇಡ, ಹೊರಡಿ.

1975 ಮತ್ತು ಅದಕ್ಕಿಂತ ಹಳೆಯ ಮಾಡೆಲ್‌ಗೆ ಕ್ಯಾಲಿಫೋರ್ನಿಯಾದಲ್ಲಿ ಹೊಗೆ ತಪಾಸಣೆ ಇಲ್ಲ. ಹಳೆಯ ಪ್ಯಾನ್ ಹುಡುಕುವುದಕ್ಕೆ ಇದೂ ಒಂದು ಕಾರಣ.

ಹಂತ 3: ಅಡಿಗೆ ಮಲಗಿ ನೋಡಿ

ಹಳೆಯ ಬಟ್ಟೆ ಹಾಕಿಕೊಂಡು ಹೋಗಿ. ಜ್ಯಾಕ್ ಮೇಲಲ್ಲ, ಗಟ್ಟಿ ಸ್ಟ್ಯಾಂಡ್ ಮೇಲೆ ಕಾರನ್ನು ನಿಲ್ಲಿಸಿ ಅಡಿಗೆ ಹೋಗಿ. ಮೊದಲು ಪ್ಯಾನ್ ಕತ್ತರಿಸಿ ಜೋಡಿಸಿದ ಗೆರೆ ಹುಡುಕಿ. ವೆಲ್ಡಿಂಗ್ ಈ ಕಡೆಯಿಂದ ಆ ಕಡೆಗೆ ಒಂದೇ ಸಮ ಇರಬೇಕು, ಅಲ್ಲಲ್ಲಿ ಚುಕ್ಕೆ ಇಟ್ಟು ನಡುವೆ ಸೀಲೆಂಟ್ ಮೆತ್ತಿದ್ದರೆ ಬೇಡ. ಸ್ಕ್ರೂಡ್ರೈವರ್ ಹಿಡಿಯಿಂದ ನೆಲದ ತಗಡನ್ನು ತಟ್ಟುತ್ತಾ ಬನ್ನಿ. ಟಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ತುಕ್ಕು. ಈ ಕಾರುಗಳ ಒಳಗೆ ಮಳೆನೀರು ಬಂದೇ ಬರುತ್ತದೆ, ಕಾರ್ಪೆಟ್ ಅಡಿಯಲ್ಲಿ ನಿಂತೇ ನಿಲ್ಲುತ್ತದೆ.

ಆಮೇಲೆ ಹಿಂದಿನ ಆಕ್ಸಲ್. ಗೇರ್‌ಬಾಕ್ಸಿನಿಂದ ಗಾಲಿಯವರೆಗೆ ಒಂದೇ ದಪ್ಪ ಕೊಳವೆ, ಗೇರ್‌ಬಾಕ್ಸ್ ಹತ್ತಿರ ಮಾತ್ರ ರಬ್ಬರ್ ಬೂಟ್ (ಮುಚ್ಚುವ ರಬ್ಬರ್ ಚೀಲ) ಇದ್ದರೆ ಅದು ಸ್ವಿಂಗ್ ಆಕ್ಸಲ್. ಪ್ರತಿ ಆಕ್ಸಲ್ಲಿಗೆ ಎರಡೆರಡು ಜಾಯಿಂಟ್, ಒಟ್ಟು ನಾಲ್ಕು ಬೂಟ್ ಇದ್ದರೆ ಅದು ಐಆರ್‌ಎಸ್ (ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್). ಅಮೆರಿಕದ ಬೀಟಲ್‌ಗಳಲ್ಲಿ 1969ರಿಂದ ಇದೇ ಬಂತು. ಎರಡು ಕಾರು ಒಂದೇ ಬೆಲೆಗೆ ಸಿಕ್ಕರೆ ಕಣ್ಣು ಮುಚ್ಚಿ ಐಆರ್‌ಎಸ್ ತೊಗೊಳ್ಳಿ. ನನ್ನದು ಸ್ವಿಂಗ್ ಆಕ್ಸಲ್, ಅದರ ಜೊತೆ ಬಾಳುವುದು ಹೇಗೆ ಅಂತ ಮುಂದೆ ಹೇಳುತ್ತೇನೆ. ನನ್ನ ಪ್ಯಾನಿನ ಒಂದು ಪುಣ್ಯ ಏನಂದರೆ 1967ರಿಂದ ಇಲ್ಲಿನ ಬೀಟಲ್‌ಗಳಿಗೆ ಬ್ರೇಕಿನ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಎರಡು ಭಾಗದ್ದು. ಒಂದು ಕಡೆ ಸೋರಿದರೂ ಇನ್ನೊಂದು ಕಡೆ ಹಿಡಿಯುತ್ತದೆ.

ಬಾಡಿಯಲ್ಲಿ ನೋಡಬೇಕಾದದ್ದು ಕಮ್ಮಿ. ಬಾಗಿಲ ಕೀಲಿನ ಸುತ್ತ ನಕ್ಷತ್ರದ ಹಾಗೆ ಸೀಳು ಬಿಟ್ಟಿದೆಯಾ, ಬಾಗಿಲು ತಾನಾಗಿ ಕೂರುತ್ತದಾ ಇಲ್ಲ ಎತ್ತಿ ಮುಚ್ಚಬೇಕಾ, ಅಷ್ಟೇ. ಫೈಬರ್‌ಗ್ಲಾಸ್ ಕೆಲಸ ಗೊತ್ತಿರುವವರು ಸರಿ ಮಾಡುತ್ತಾರೆ, ಮಾಮೂಲಿ ಟಿಂಕರಿಂಗ್ ಅಂಗಡಿಯವರ ಕೈಗೆ ಮಾತ್ರ ಕೊಡಬೇಡಿ.

ಇಂಜಿನ್ ಎಷ್ಟು ಸಿಸಿ ಅಂತ ಕೇಳಿ, ಕಟ್ಟಿದವರ ಬಿಲ್ ಕೇಳಿ. ಬೀಟಲ್‌ನ 1600 ಹಾಗೇ ಇರಬಹುದು, ಸಿಲಿಂಡರ್ ಬದಲಾಯಿಸಿ 1776 ಅಥವಾ 1915 ಮಾಡಿರಬಹುದು. 1915ಕ್ಕೆ ಎರಡು ಕಾರ್ಬೊರೇಟರ್ ಹಾಕಿದರೆ ನೂರರ ಹತ್ತಿರ ಅಶ್ವಶಕ್ತಿ. ಕಾರಿನ ತೂಕ 800 ಕಿಲೋ ಆಸುಪಾಸು ಇರುವುದರಿಂದ ಅಷ್ಟು ಧಾರಾಳ ಸಾಕು. ದೊಡ್ಡ ಇಂಜಿನ್‌ನ ಆಸೆ ಬೇಡ, ಬಿಸಿ ಜಾಸ್ತಿ, ಆಯುಸ್ಸು ಕಮ್ಮಿ. ಓಡುವ ಸ್ಥಿತಿಯ ಪ್ಯಾನ್ ರೆಪ್ಲಿಕಾ ನಾನು ನೋಡಿದ ಹಾಗೆ 25ರಿಂದ 45 ಸಾವಿರ ಡಾಲರಿಗೆ ಕೈ ಬದಲಾಗುತ್ತದೆ.

ಹಂತ 4: ಕೂತು ನೋಡಿ, ಓಡಿಸಿ ನೋಡಿ

ಆರು ಅಡಿ ಎತ್ತರದವರಾದರೆ ಟಾಪ್ ಹಾಕಿಸಿಕೊಂಡು ಕೂರಿ. ತಲೆ ತಗಲುತ್ತದೆ, ಮುಂದಿನ ಗಾಜಿನ ಚೌಕಟ್ಟು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಪೆಡಲ್‌ಗಳು ನೆಲದಿಂದ ಎದ್ದು ನಿಂತಿರುತ್ತವೆ, ಮೇಲಿನಿಂದ ಇಳಿಬಿದ್ದಿರುವುದಿಲ್ಲ. ಅಗಲ ಶೂ ಹಾಕಿದ್ದರೆ ಒಂದೇ ಸಲಕ್ಕೆ ಎರಡು ತುಳಿಯುತ್ತೀರಿ. ರಿವರ್ಸ್ ಹಾಕಲು ಗೇರ್ ಲಿವರನ್ನು ಕೆಳಕ್ಕೆ ಒತ್ತಿ, ಎಡಕ್ಕೆ ತಂದು, ಹಿಂದಕ್ಕೆ ಎಳೆಯಬೇಕು. ಇದು ಗೊತ್ತಿಲ್ಲದೆ ನಾನು ಮೊದಲ ದಿನ ಮಾರುವವರ ಮನೆ ಮುಂದೆ ಹಿಂದಕ್ಕೆ ಹೋಗುತ್ತೇನೆ ಅಂತ ಎರಡು ಸಲ ಮುಂದಕ್ಕೇ ಹೋದೆ.

ಕಾರು ಪೂರ್ತಿ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಹೊತ್ತಿಗೆ ಇಂಜಿನ್ ಬಿಸಿಯಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಲೆಕ್ಕ. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಾದಾಗ ಸ್ಟಾರ್ಟ್ ಆಗದಿರುವುದೇ ಈ ಕಾರುಗಳ ಮಾಮೂಲಿ ಕಾಯಿಲೆ.

ಹಂತ 5: ವಿಮೆ

ಎರಡೇ ಮಾತು. ಹಳೆಯ ಕಾರುಗಳಿಗೆ ವಿಮೆ ಕೊಡುವ ಕಂಪನಿಗೇ ಹೋಗಿ, ಮೊದಲೇ ಒಪ್ಪಿಕೊಂಡ ಬೆಲೆಯ ಪಾಲಿಸಿ ಮಾಡಿಸಿ. ಇಲ್ಲದಿದ್ದರೆ ಅಪಘಾತ ಆದ ದಿನ ನಿಮಗೆ ಒಂದು ಹಳೇ ಬೀಟಲ್‌ನ ಬೆಲೆ ಕಟ್ಟುತ್ತಾರೆ. ಅರ್ಜಿಯಲ್ಲಿ ರೆಪ್ಲಿಕಾ ಅಂತಲೇ ಬರೆಯಿರಿ.

ಹಂತ 6: ಮನೆಗೆ ತಂದ ಮೊದಲ ವಾರ ಓಡಿಸಬೇಡಿ

ಆಸೆ ತಡೆಯುವುದು ಕಷ್ಟ, ಗೊತ್ತು. ಆದರೆ ಮೊದಲು ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಾಯಿಸಿ. ಒಂದೂ ಬಿಡದೆ.

ನನ್ನ ಕಾರು ಬಂದ ನಾಲ್ಕನೇ ರಾತ್ರಿ ಹೆಂಡತಿ ಗ್ಯಾರೇಜಿನಲ್ಲಿ ಏನೋ ವಾಸನೆ ಅಂದಳು. ಹಳೇ ಕಾರು ಅಂದರೆ ವಾಸನೆ ಇರುತ್ತದೆ ಕಣೇ ಅಂದೆ. ಅವಳು ಕೇಳಲಿಲ್ಲ, ಟಾರ್ಚ್ ತಂದಳು. ಇಂಜಿನ್ ಪಕ್ಕದ ರಬ್ಬರ್ ಪೈಪನ್ನು ಎರಡು ಬೆರಳಲ್ಲಿ ಬಗ್ಗಿಸಿದೆ, ಮೇಲ್ಮೈ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯಿತು, ಬಿರುಕಿನಲ್ಲಿ ಒಂದು ಹನಿ ಪೆಟ್ರೋಲ್ ಹೊಳೆಯಿತು. ಆರು ಅಡಿ ಆಚೆಗೆ ನೀರು ಕಾಯಿಸುವ ಹಂಡೆ, ಅದರ ಅಡಿಯಲ್ಲಿ ಸದಾ ಉರಿಯುವ ಸಣ್ಣ ಗ್ಯಾಸ್ ಜ್ವಾಲೆ. ಇಬ್ಬರೂ ಸೇರಿ ಕಾರನ್ನು ಆಚೆಗೆ ತಳ್ಳಿದೆವು. ಅವತ್ತಿನಿಂದ ಅವಳ ಮೂಗಿನ ಮೇಲೆ ನನಗೆ ಗೌರವ ಜಾಸ್ತಿ.

ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಎಥನಾಲ್. ಹಳೆಯ ರಬ್ಬರನ್ನು ಅದು ತಿನ್ನುತ್ತದೆ. ಹಾಕುವ ಪೈಪಿನ ಮೇಲೆ ಎಥನಾಲ್ ತಡೆದುಕೊಳ್ಳುವ ಪೈಪಿನ ಗುರುತಾದ 30ಆರ್9 (30R9) ಅಂತ ಅಚ್ಚಾಗಿರಲಿ, ಪ್ರತಿ ತುದಿಗೂ ಕ್ಲಾಂಪ್ ಬಿಗಿಯಿರಿ. ಟ್ಯಾಂಕ್ ಮುಂದೆ, ಇಂಜಿನ್ ಹಿಂದೆ, ಪೆಟ್ರೋಲ್ ಇಡೀ ಕಾರಿನುದ್ದ ಹರಿದು ಬರುತ್ತದೆ. ಆದ್ದರಿಂದ ಟ್ಯಾಂಕಿನ ಅಡಿ, ಗೇರ್‌ಬಾಕ್ಸ್ ಪಕ್ಕ, ಇಂಜಿನ್ ಮುಂದಿನ ತಗಡನ್ನು ದಾಟುವ ಜಾಗ, ಪಂಪು, ಕಾರ್ಬೊರೇಟರ್, ಎಲ್ಲ ಕಡೆ ನೋಡಿ. ಹಳೆಯ ಕಾರ್ಬೊರೇಟರಿನ ಬಾಯಿಗೆ ಒತ್ತಿ ಕೂರಿಸಿದ ಹಿತ್ತಾಳೆ ನಳಿಕೆ ಸಡಿಲವಾಗಿ ಕಳಚಿಕೊಂಡು ಎಷ್ಟೋ ಬೀಟಲ್‌ಗಳು ಸುಟ್ಟಿವೆ. ಕೈಯಲ್ಲಿ ತಿರುಗಿಸಿ ನೋಡಿ, ಅಲ್ಲಾಡಿದರೆ ಕಾರ್ಬೊರೇಟರ್ ಬಿಚ್ಚಿಸಿ.

ಬೆಂಕಿ ಆರಿಸುವ ಸಿಲಿಂಡರ್ ಒಂದನ್ನು ಸೀಟಿನಿಂದ ಕೈಗೆ ಸಿಗುವ ಜಾಗದಲ್ಲಿ ಕಟ್ಟಿ. ನೀರು ಸುರಿಯುವ ಯೋಚನೆಯನ್ನೇ ಮಾಡಬೇಡಿ. ಬೀಟಲ್‌ನ ಮೂಲ ಇಂಜಿನ್ ಕೇಸ್ ಮೆಗ್ನೀಸಿಯಂ ಮಿಶ್ರಲೋಹ, ಅದು ಹೊತ್ತಿಕೊಂಡ ಮೇಲೆ ನೀರು ಬಿದ್ದರೆ ಇನ್ನೂ ಜೋರಾಗಿ ಉರಿಯುತ್ತದೆ.

ಅದೇ ವಾರ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2314 ಅಂದರೆ 2014ರ 23ನೇ ವಾರದ್ದು. ಈ ಕಾರು ಓಡುವುದೇ ಕಮ್ಮಿ, ಆದ್ದರಿಂದ ಮೇಲಿನ ಗೀರುಗಳ ಆಳ ಹೊಸದರ ಹಾಗೇ ಇರುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಗಾಳಿ ಮುಂದೆ 20, ಹಿಂದೆ 28 ಪಿಎಸ್‌ಐ ಹಾಕುತ್ತೇನೆ. ಗಾಳಿ ಹಾಕುವ ಹುಡುಗ ನಾಲ್ಕಕ್ಕೂ 32 ಒತ್ತಲು ಬಂದರೆ ತಡೆಯಿರಿ, ಭಾರವೆಲ್ಲ ಹಿಂದೆ ಇರುವ ಕಾರಿಗೆ ಈ ವ್ಯತ್ಯಾಸ ಬೇಕೇ ಬೇಕು. ಬ್ರೇಕ್ ಆಯಿಲ್ ಬದಲಾಯಿಸಿ. ಇಷ್ಟಾದ ಮೇಲೆ ಕೀ ಕೈಗೆ ತೊಗೊಳ್ಳಿ.

ಹಂತ 7: ಬೆಳಗಿನ ಸ್ಟಾರ್ಟ್

ಡಿಪ್‌ಸ್ಟಿಕ್ ನೋಡಿ. ಇಡೀ ಇಂಜಿನ್ನಿಗೆ ಇರುವುದೇ ಎರಡೂವರೆ ಲೀಟರ್ ಆಯಿಲ್, ಅರ್ಧ ಲೀಟರ್ ಕಮ್ಮಿಯಾದರೂ ದೊಡ್ಡ ವಿಷಯ. ಕಾರಿನ ಅಡಿಯ ರಟ್ಟು ನೋಡಿ. ಎರಡು ಹನಿ ಇದ್ದರೆ ಕ್ಷೇಮ, ಒಂದೂ ಇಲ್ಲದಿದ್ದರೆ ಆಯಿಲ್ ಇದೆಯಾ ಅಂತ ಮತ್ತೊಮ್ಮೆ ನೋಡಿ.

ಎರಡು ವೆಬರ್ ಕಾರ್ಬೊರೇಟರ್ ಇದ್ದರೆ ಸಾಮಾನ್ಯವಾಗಿ ಚೋಕ್ ಇರುವುದಿಲ್ಲ. ಆಕ್ಸಿಲರೇಟರನ್ನು ಮೂರು ನಾಲ್ಕು ಸಲ ಪೂರ್ತಿ ತುಳಿದು ಬಿಡಿ, ಕೀ ತಿರುಗಿಸಿ, ಹತ್ತಿಕೊಂಡ ಮೇಲೆ ಒಂದೆರಡು ನಿಮಿಷ ಕಾಲಲ್ಲೇ 1200 ಆರ್‌ಪಿಎಂ ಹತ್ತಿರ ಹಿಡಿಯಿರಿ. ಸುಮ್ನೆ ಜೋರಾಗಿ ರೇಸ್ ಮಾಡಬೇಡಿ. ಪಕ್ಕದ ಮನೆಯವರು ಮಲಗಿರುತ್ತಾರೆ ಅನ್ನುವುದು ಒಂದು, ತಣ್ಣಗಿರುವ ಆಯಿಲ್ ಇನ್ನೂ ಮೇಲೆ ಹತ್ತಿರುವುದಿಲ್ಲ ಅನ್ನುವುದು ಇನ್ನೊಂದು.

ಹಂತ 8: ರಸ್ತೆಯಲ್ಲಿ

ಹೆಸರು ಸ್ಪೀಡ್‌ಸ್ಟರ್, ಆದರೆ ಇವತ್ತಿನ ಯಾವ ಕ್ಯಾಮ್ರಿಯೂ ಸಿಗ್ನಲ್ಲಿನಲ್ಲಿ ನಿಮ್ಮನ್ನು ಹಿಂದೆ ಹಾಕುತ್ತದೆ. ಬೇಜಾರು ಬೇಡ. 70 ಮೈಲಿ ವೇಗದಲ್ಲಿ ನಾಲ್ಕನೇ ಗೇರಿನಲ್ಲಿ 3400, 3500 ಆರ್‌ಪಿಎಂ ಓಡುತ್ತಿರುತ್ತದೆ, ಐದನೇ ಗೇರ್ ಇಲ್ಲ, ಗಾಳಿ ಕಿವಿಯಲ್ಲಿ ಬಡಿಯುತ್ತದೆ, ಪಕ್ಕದವರ ಜೊತೆ ಮಾತಾಡಲು ಕೂಗಬೇಕು. ಫ್ರೀವೇ ಇದರ ಜಾಗ ಅಲ್ಲ. ಸ್ಕೈಲೈನ್ ಬುಲೆವಾರ್ಡ್, ಅಲ್ಲಿಂದ 84ನೇ ಹೆದ್ದಾರಿಯಲ್ಲಿ ಲಾ ಹೊಂಡಾ ಕಡೆಗೆ ಇಳಿಯುವ ದಾರಿ, ಹಾಫ್ ಮೂನ್ ಬೇಯಿಂದ ಪೆಸ್ಕಡೆರೊವರೆಗಿನ ಸಮುದ್ರದಂಚು, 40 ಮೈಲಿ ವೇಗದಲ್ಲಿ ಹೋಗುವಾಗ ಈ ಕಾರು ಏನಕ್ಕೆ ಹುಟ್ಟಿದ್ದು ಅಂತ ಗೊತ್ತಾಗುತ್ತದೆ.

ತಿರುವಿಗೆ ಒಂದೇ ನಿಯಮ. ಬ್ರೇಕ್ ಎಲ್ಲ ತಿರುವಿಗೆ ಮುಂಚೆ ಮುಗಿಸಿ, ಒಳಗೆ ಹೋದ ಮೇಲೆ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಇಟ್ಟುಕೊಂಡೇ ಇರಿ. ಸ್ವಿಂಗ್ ಆಕ್ಸಲ್ ಕಾರಿನಲ್ಲಿ ನಡು ತಿರುವಿನಲ್ಲಿ ಹೆದರಿ ಕಾಲು ತೆಗೆದಿರೋ, ಹಿಂಭಾಗ ಮೇಲೇಳುತ್ತದೆ, ಹೊರಗಿನ ಗಾಲಿ ಒಳಕ್ಕೆ ಮಡಚಿಕೊಳ್ಳುತ್ತದೆ, ಬಾಲ ನಿಮಗಿಂತ ಮುಂಚೆ ಕಣಿವೆ ನೋಡಲು ಹೊರಡುತ್ತದೆ. ಒಂದು ಅಡಿ ಕತ್ತರಿಸಿದ ಕಾರಾದ್ದರಿಂದ ಇದು ಬೀಟಲ್‌ಗಿಂತಲೂ ಬೇಗ ಆಗುತ್ತದೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ ನಿಧಾನ ವೇಗದಲ್ಲಿ ಅಭ್ಯಾಸ ಮಾಡಿ. ನಾನು ಅಭ್ಯಾಸ ಮಾಡದೆ ಹೋಗಿ ಮಣ್ಣಿನ ದಿಬ್ಬಕ್ಕೆ ಮುತ್ತು ಕೊಟ್ಟು ಬಂದೆ.

ಇನ್ನು ಚಾರ್ಜಿಂಗ್ ದೀಪ, ನನ್ನದರಲ್ಲಿ ಕೆಂಪು. ಬೇರೆ ಕಾರಿನಲ್ಲಿ ಅದು ಹತ್ತಿದರೆ ಮನೆಯವರೆಗೆ ಹೋಗಬಹುದು, ಇಲ್ಲಿ ನೂರು ಮೀಟರ್ ಕೂಡ ಹೋಗುವಂತಿಲ್ಲ. ಯಾಕಂದ್ರೆ ಡೈನಮೊ ತಿರುಗಿಸುವ ಬೆಲ್ಟೇ ಇಂಜಿನ್ ತಂಪು ಮಾಡುವ ಫ್ಯಾನನ್ನೂ ತಿರುಗಿಸುತ್ತದೆ. ಬೆಲ್ಟ್ ಹೋದರೆ ಗಾಳಿ ನಿಂತಿತು, ಗಾಳಿ ನಿಂತರೆ ಇಂಜಿನ್ ಬೇಯಿತು. ಎರಡನೇ ವರ್ಷ ಸ್ಕೈಲೈನ್ ಮೇಲೆ ಹಿಂದಿನಿಂದ ಪಟ್ ಅಂತ ಸದ್ದು, ಆ ಕೂಡಲೇ ದೀಪ. ತಕ್ಷಣ ಆಫ್ ಮಾಡಿ ಪಕ್ಕಕ್ಕೆ ಉರುಳಿಸಿದೆ. 21 ಮಿಲಿಮೀಟರ್ ಸ್ಪ್ಯಾನರ್, ಡೈನಮೊ ಪುಲ್ಲಿಯ ಗೀರಿಗೆ ಸಿಕ್ಕಿಸಿ ಹಿಡಿಯಲು ಒಂದು ಉದ್ದ ಸ್ಕ್ರೂಡ್ರೈವರ್, ಒಂದು ಹೊಸ ಬೆಲ್ಟ್ ಡಿಕ್ಕಿಯಲ್ಲಿ ಇದ್ದವು. ಪುಲ್ಲಿ ಎರಡು ಹೋಳಾಗಿ ಬಿಚ್ಚುತ್ತದೆ, ನಡುವೆ ತೆಳು ವಾಷರುಗಳು. ವಾಷರ್ ತೆಗೆದು ಆಚೆ ಹಾಕಿದರೆ ಬೆಲ್ಟ್ ಬಿಗಿಯಾಗುತ್ತದೆ, ಒಳಗೆ ಸೇರಿಸಿದರೆ ಸಡಿಲ. ಒಂದು ವಾಷರ್ ಹುಲ್ಲಿನಲ್ಲಿ ಬಿತ್ತು, ಹುಡುಕುವುದಕ್ಕೆ ಬೆಲ್ಟ್ ಹಾಕುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಈಗ ಅಡಿಗೆ ಒಂದು ಟವೆಲ್ ಹಾಸಿಕೊಂಡೇ ಬಿಚ್ಚುವುದು.

ಆಯಿಲ್ ಬಿಸಿ ಮೀಟರ್ ಇಲ್ಲದಿದ್ದರೆ ಹಾಕಿಸಿ. 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೆರಳು ನೋಡಿ ನಿಲ್ಲಿಸಿ, ಎಳನೀರು ಇಲ್ಲದ ಊರಿನಲ್ಲಿ ಏನಾದರೂ ಕುಡಿಯಿರಿ.

ಕಾಣಿಸಿಕೊಳ್ಳುವುದೂ ಒಂದು ಕೆಲಸ. ಕಾರಿನ ಎತ್ತರ ನಾಲ್ಕು ಅಡಿ. ಪಕ್ಕದ ಪಿಕಪ್ ಟ್ರಕ್ಕಿನವನಿಗೆ ನೀವು ಇದ್ದೀರಿ ಅಂತಲೇ ಗೊತ್ತಿರುವುದಿಲ್ಲ. ಹಿಂದಿನ ದೀಪಗಳು ಹನಿಯಷ್ಟು ಚಿಕ್ಕವು, ಎಲ್‌ಇಡಿ ಬಲ್ಬ್ ಹಾಕಿ, ನಂಬರ್ ಪ್ಲೇಟ್ ಮೇಲೆ ಇನ್ನೊಂದು ಬ್ರೇಕ್ ದೀಪ ಕೂರಿಸಿ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ತಲೆಗೆ ಆನಿಕೆ ಇಲ್ಲ, ಉರುಳಿದರೆ ಕಾಪಾಡುವ ಕಂಬಿ ಇಲ್ಲ. ಚಿಕ್ಕ ಮಕ್ಕಳನ್ನು ನಾನು ಕೂರಿಸುವುದಿಲ್ಲ, ಎಷ್ಟು ಅತ್ತರೂ.

ಹಂತ 9: ಪ್ರತಿ 3000 ಮೈಲಿಗೆ ಟ್ಯಾಪೆಟ್

ಆಯಿಲ್ ಬದಲಾಯಿಸುವುದು ಸುಲಭ. ಮೂಲ ಇಂಜಿನ್ನಿಗೆ ಫಿಲ್ಟರ್ ಇಲ್ಲ, ಅಡಿಯಲ್ಲಿ ಚಹಾ ಸೋಸುವ ಜಾಲರಿಯಂಥದ್ದು ಇರುತ್ತದೆ, ತೊಳೆದು ಹಾಕಿ. ಅದೇ ದಿನ ಟ್ಯಾಪೆಟ್, ಅಂದರೆ ವಾಲ್ವಿನ ತುದಿಯ ಸಣ್ಣ ಸಂದು, ನೋಡಬೇಕು. ಇದನ್ನು ಹೊರಗೆ ಮಾಡಿಸಬೇಡಿ, ನೀವೇ ಕಲಿಯಿರಿ. ಒಬ್ಬ ಮೆಕ್ಯಾನಿಕ್ ನನ್ನ ಕಾರಿಗೆ ಇಂಜಿನ್ ಬಿಸಿ ಇರುವಾಗಲೇ ಮಾಡಿಕೊಟ್ಟಿದ್ದರು, ಗಂಟೆ ಲೆಕ್ಕದಲ್ಲಿ ದುಡ್ಡು ತೊಗೊಂಡು.

ಹಿಂದಿನ ರಾತ್ರಿಯಿಂದ ಇಂಜಿನ್ ಮುಟ್ಟಿರಬಾರದು. ಎರಡೂ ಬದಿಯ ಮುಚ್ಚಳಕ್ಕೆ ಬೋಲ್ಟ್ ಇಲ್ಲ, ಒಂದು ಕಂಬಿ ಹಿಡಿದುಕೊಂಡಿರುತ್ತದೆ, ಸ್ಕ್ರೂಡ್ರೈವರಿನಲ್ಲಿ ಕೆಳಕ್ಕೆ ಒತ್ತಿದರೆ ಬರುತ್ತದೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆಯಿರಿ. ಇಂಜಿನ್ನಿನ ಕೆಳಗಿನ ದೊಡ್ಡ ಪುಲ್ಲಿಯ ಗುರುತು ಇಂಜಿನ್ ಕೇಸಿನ ನಡುವಿನ ಗೆರೆಗೆ ಬಂದು, ಒಳಗಿನ ರೋಟರ್ ಡಿಸ್ಟ್ರಿಬ್ಯೂಟರಿನ ಅಂಚಿನ ಗೀರಿಗೆ ಮುಖ ಮಾಡಿದಾಗ ಒಂದನೇ ಸಿಲಿಂಡರಿನ ಪಿಸ್ಟನ್ ತುದಿಯಲ್ಲಿದೆ ಅಂತ ಅರ್ಥ. ಅದರ ಎರಡೂ ವಾಲ್ವಿಗೆ 0.15 ಮಿಲಿಮೀಟರ್ ಫೀಲರ್ ಗೇಜ್ (ಸಂದು ಅಳೆಯುವ ತೆಳು ಹಾಳೆ) ತೂರಿಸಿ. ಹಾಳೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಬಾರದು, ಸಿಕ್ಕಿಕೊಳ್ಳಲೂ ಬಾರದು, ಸ್ವಲ್ಪ ಎಳೆತ ಇರಬೇಕು. ಆಮೇಲೆ ಪುಲ್ಲಿಯನ್ನು ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ಅರ್ಧ ಸುತ್ತು, ಎರಡನೇ ಸಿಲಿಂಡರ್. ಇನ್ನರ್ಧ, ಮೂರು. ಇನ್ನರ್ಧ, ನಾಲ್ಕು. ಹಿಂದಿನ ಮಾಲೀಕರು ಕ್ರೋಮೊಲಿ ಪುಶ್‌ರಾಡ್ (ವಾಲ್ವ್ ಆಡಿಸುವ ಉಕ್ಕಿನ ಕಡ್ಡಿ) ಹಾಕಿಸಿದ್ದರೆ ಈ ಅಳತೆ ಅನ್ವಯಿಸುವುದಿಲ್ಲ, ಕೇಳಿಕೊಳ್ಳಿ.

ಪ್ರತಿ ಸಲ ಎಷ್ಟಿತ್ತು ಅಂತ ಬರೆದಿಡಿ, ಮುಖ್ಯವಾಗಿ ಮೂರನೇ ಸಿಲಿಂಡರಿನದು. ಹಳೆಯ ಮಾದರಿಯಲ್ಲಿ ಆಯಿಲ್ ಕೂಲರ್ ಅದರ ಗಾಳಿಗೆ ಅಡ್ಡ ನಿಂತಿರುತ್ತದೆ, ಆದ್ದರಿಂದ ಅದು ಸದಾ ಜಾಸ್ತಿ ಬಿಸಿ. ಪ್ರತಿ ಸಲವೂ ಅದೇ ವಾಲ್ವಿನ ಸಂದು ಕಿರಿದಾಗುತ್ತಿದ್ದರೆ ವಾಲ್ವ್ ಹಿಗ್ಗುತ್ತಿದೆ ಅಂತ ಅರ್ಥ. ಅದರ ತಲೆ ಮುರಿದು ಪಿಸ್ಟನ್ ಮೇಲೆ ಬೀಳುವ ಮುಂಚೆ ಇಂಜಿನ್ ಇಳಿಸಿ.

ನಮ್ಮಪ್ಪ ಹಾಸನದಿಂದ ಬಂದಿದ್ದಾಗ ನನಗೆ ಇದರಲ್ಲಿ ಕೈ ಪಳಗಿತು. ಅವರು ಇಪ್ಪತ್ತು ವರ್ಷ ಫಿಯಟ್ ಪದ್ಮಿನಿ ಓಡಿಸಿದವರು. ಗ್ಯಾರೇಜಿನ ಬಾಗಿಲಲ್ಲಿ ಕಾಫಿ ಹಿಡಿದು ನಿಂತು, "ಎಡಗಡೆದು ಒಂದು ಟ್ಯಾಪೆಟ್ ಮಾತಾಡ್ತಿದೆ ನೋಡೋ" ಅಂದರು. ನನಗೆ ಏನೂ ಕೇಳಿಸಿರಲಿಲ್ಲ. ಮಾರನೇ ಬೆಳಿಗ್ಗೆ ಅಳೆದರೆ ನಾಲ್ಕನೇ ಸಿಲಿಂಡರಿನದು ಸಡಿಲವಾಗಿತ್ತು.

ಅದೇ ಸಲ ಆಯುಧಪೂಜೆಯೂ ಆಯಿತು. ಇಂಜಿನ್ನಿಗೆ ಕುಂಕುಮ ಇಡುತ್ತೇನೆ ಅಂತ ಅಪ್ಪ ಮುಂದಿನ ಬಾನೆಟ್ ಎತ್ತಿದರು, ಒಳಗೆ ಪೆಟ್ರೋಲ್ ಟ್ಯಾಂಕು, ಸ್ಟೆಪ್ನಿ. "ಇಂಜಿನ್ನೇ ಇಲ್ವಲ್ಲೋ, ಯಾರೋ ಟೋಪಿ ಹಾಕಿದಾರೆ" ಅಂದರು. ಒಂದು ಮಾತು, ಫೈಬರ್‌ಗ್ಲಾಸ್ ಬಾಡಿಯ ತಿಳಿ ಬಣ್ಣದ ಮೇಲೆ ಒದ್ದೆ ಕುಂಕುಮದ ಕಲೆ ಹೋಗುವುದಿಲ್ಲ. ಗಾಜಿನ ಮೇಲೆ ಇಡಿ.

ಹಂತ 10: ಕರೆಂಟು ಕೈಕೊಟ್ಟಾಗ ಮೊದಲು ಅರ್ಥಿಂಗ್

ಕಬ್ಬಿಣದ ಕಾರಿನಲ್ಲಿ ದೀಪಕ್ಕೆ ಒಂದು ವೈರ್ ಬಂದರೆ ಸಾಕು, ವಾಪಸು ದಾರಿ ಬಾಡಿಯೇ. ಫೈಬರ್‌ಗ್ಲಾಸಿನಲ್ಲಿ ಕರೆಂಟು ಹರಿಯುವುದಿಲ್ಲ, ಹಾಗಾಗಿ ಪ್ರತಿ ದೀಪ, ಹಾರ್ನ್, ಪೆಟ್ರೋಲ್ ಮೀಟರಿಗೂ ಪ್ಯಾನಿನವರೆಗೆ ಬೇರೆ ಅರ್ಥ್ ವೈರ್ ಎಳೆದಿರುತ್ತಾರೆ. ಕೆಡುವುದೆಲ್ಲ ಅಲ್ಲೇ. ಒಮ್ಮೆ ಮಂಜಿನಲ್ಲಿ ಎಡ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಂಕಾಗಿ, ಮೀಟರ್ ದೀಪಗಳೂ ಜೊತೆಗೆ ಮಿಣುಕತೊಡಗಿದವು. ಬಲ್ಬ್ ಬದಲಾಯಿಸಿದೆ, ಫ್ಲಾಷರ್ ಬದಲಾಯಿಸಿದೆ, ಸ್ವಿಚ್ ತರಿಸಿದೆ, ಎರಡು ವಾರಾಂತ್ಯ ಹೋಯಿತು. ಕೊನೆಗೆ ಸಿಕ್ಕಿದ್ದು ಟ್ಯಾಂಕಿನ ಹಿಂದೆ ತುಕ್ಕು ಹಿಡಿದ ಒಂದು ಸ್ಕ್ರೂ, ಅದರ ಅಡಿಯಲ್ಲಿ ಐದು ಕಂದು ವೈರು. ಉಪ್ಪು ಕಾಗದದಲ್ಲಿ ಉಜ್ಜಿ ಬಿಗಿದೆ, ಮುಗಿಯಿತು. ಈಗ ಎಲ್ಲ ಅರ್ಥ್ ವೈರುಗಳನ್ನೂ ಒಂದು ಹಿತ್ತಾಳೆ ಪಟ್ಟಿಗೆ ತಂದು, ಅಲ್ಲಿಂದ ಒಂದು ದಪ್ಪ ವೈರ್ ಪ್ಯಾನಿಗೆ ಹಾಕಿದ್ದೇನೆ.

ಹಂತ 11: ಮಳೆ ಮತ್ತು ಜನ

ಮಳೆ ಬಂದರೆ ಒದ್ದೆಯಾಗುತ್ತೀರಿ. ಪಕ್ಕಕ್ಕೆ ಇಳಿಸುವ ಗಾಜಿಲ್ಲ, ಸಿಕ್ಕಿಸುವ ಪ್ಲಾಸ್ಟಿಕ್ ಪರದೆ. ಅದು ಗಾಳಿ ತಡೆಯುತ್ತದೆ, ನೀರಿಗೆ ದಾರಿ ತೋರಿಸುತ್ತದೆ. ಸೀಟಿನ ಹಿಂದೆ ಎರಡು ಟವೆಲ್ ಸದಾ ಇರಲಿ.

ಜನ ಕೇಳಿಯೇ ಕೇಳುತ್ತಾರೆ, ಇದು ಅಸಲಿಯಾ ಅಂತ. ಅವರ ಪ್ರಶ್ನೆ ಮುಗಿಯುವ ಮುಂಚೆ ಅಲ್ಲ ಅಂದುಬಿಡಿ. ಹಾಗಂದ ತಕ್ಷಣ ಅರ್ಧ ಜನ ಇನ್ನೂ ಖುಷಿಯಾಗಿ ಮಾತಾಡುತ್ತಾರೆ, ತಾತನ ಬೀಟಲ್ ಕಥೆ ಬರುತ್ತದೆ, ಇಪ್ಪತ್ತು ನಿಮಿಷ ಹೋಗುತ್ತದೆ. ಅವಸರ ಇದ್ದ ದಿನ ಈ ಕಾರಿನಲ್ಲಿ ಪೆಟ್ರೋಲ್ ಹಾಕಿಸಲು ಹೋಗಬೇಡಿ.

ಊರಿನಿಂದ ಬರುವ ಪ್ರಶ್ನೆ ಬೇರೆ, ಬೆಂಗಳೂರಿನಲ್ಲಿ ಹೀಗೊಂದು ಕಟ್ಟಿಸಬಹುದಾ ಅಂತ. ಕಟ್ಟಬಹುದು, ರಸ್ತೆಗೆ ತರುವುದು ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಖಡಾಖಂಡಿತವಾಗಿ ಹೇಳಿತು. ಬೀಟಲ್‌ನ ಪ್ಯಾನ್ ಕತ್ತರಿಸಿ ಬೇರೆ ಬಾಡಿ ಕೂರಿಸಿದ್ದನ್ನು ಆರ್‌ಟಿಒ ಮುಂದೆ ಯಾವ ಬಾಯಲ್ಲಿ ಬೀಟಲ್ ಅಂತೀರಿ?

ಹಂತ 12: ಮಾರುವ ದಿನ ಬಂದರೆ

ಜಾಹೀರಾತಿನ ಮೊದಲ ಸಾಲಿನಲ್ಲೇ ರೆಪ್ಲಿಕಾ ಅಂತ ಹಾಕಿ. ಟೈಟಲ್, ಪ್ಯಾನ್ ನಂಬರಿನ ಫೋಟೊ, ವೆಲ್ಡಿಂಗ್ ಗೆರೆಯ ಫೋಟೊ, ಪೆಟ್ರೋಲ್ ಪೈಪ್ ಬದಲಾಯಿಸಿದ ತಾರೀಖು, ಟ್ಯಾಪೆಟ್ ಲೆಕ್ಕದ ಪುಸ್ತಕ, ಎಲ್ಲ ಒಂದು ಫೈಲಿನಲ್ಲಿ ಇಡಿ. ನೋಡಲು ಬಂದವರು ಕಾರ್ಪೆಟ್ ಎತ್ತಿ ಅಂತ ಕೇಳದಿದ್ದರೂ ನೀವೇ ಎತ್ತಿ ತೋರಿಸಿ. ಇಂಜಿನ್ ಮಾತ್ರ ಮೊದಲೇ ಬಿಸಿ ಮಾಡಿಡಬೇಡಿ.